ಕಕ್ಕಸಿನವರೆಗೂ ಕೇಳಿದ ಪಾಠ

ಸಂಗೀತ ಆ ದಿನ ಬಕೆಟ್ಟು ಎತ್ತಲಿಲ್ಲ.

ಊಟದ ಬೆಲ್ಲು ಮುಗಿದು ಇಂಗ್ಲಿಷ್ ಪೀರಿಯಡ್ಡು ಶುರುವಾಗಿತ್ತು. ಹತ್ತನೇ ಕ್ಲಾಸಿನ ಬಾಗಿಲ ಪಕ್ಕದಲ್ಲಿ ಎಂದಿನಂತೆ ಎರಡು ಬಕೆಟ್ಟು, ಎರಡು ಕಡ್ಡಿಪೊರಕೆ, ಒಂದು ಫಿನಾಯಿಲ್ ಬಾಟಲಿ ಇದ್ದವು. ನಂಜುಂಡಸ್ವಾಮಿ ಮೇಷ್ಟ್ರು ಒಳಗೆ ಬರುವಾಗ ಒಮ್ಮೆ ಗದ್ದ ಎತ್ತಿದರೆ ಸಾಕು, ಹಿಂದಿನ ಬೆಂಚಿನಿಂದ ಸಂಗೀತ, ರೇವತಿ ಎದ್ದು ಹೋಗಬೇಕು. ಬೋರ್‌ವೆಲ್ ತೊಟ್ಟಿಯಿಂದ ನೀರು ಹೊರಬೇಕು. ಇಡೀ ಶಾಲೆಯ ಕಕ್ಕಸು ತೊಳೆಯಬೇಕು. ಹುಡುಗರದು, ಹುಡುಗಿಯರದು, ಮೇಷ್ಟ್ರುಗಳದು. ತೊಳೆಯುವ ಹೆಂಗಸು ಸಂಬಳ ಸಾಲದೆಂದು ಬಿಟ್ಟುಹೋದ ಮೇಲೆ ಬೇರೆ ಯಾರನ್ನೂ ಇಟ್ಟುಕೊಂಡಿರಲಿಲ್ಲ. ಇಟ್ಟುಕೊಳ್ಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಊರಾಚೆಯ ಕಾಲೋನಿಯ ಮಕ್ಕಳು ಇದ್ದರಲ್ಲ.

ತಮಿಳು ಸೀಮೆಗೆ ಸೇರಿದ ಗಡಿಯ ಮಲೆಯೂರಿನ ಕನ್ನಡ ಶಾಲೆ ಅದು. ಆ ಕ್ಲಾಸಿನಲ್ಲಿ ಕಾಲೋನಿಯವರು ಎಂದರೆ ಇವರಿಬ್ಬರೇ. ಜೊತೆಯ ಹುಡುಗರೆಲ್ಲ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ಎಲೆಕೋಸು ತುಂಬಿಕೊಂಡು ಘಾಟಿ ಇಳಿಯುವ ಲಾರಿಗಳನ್ನು ಹತ್ತಿದ್ದರು. ಉಳಿದವರೆಲ್ಲ ಮೇಲಿನ ಬೀದಿಯವರು, ಹೊಲ ತೋಟ ಇದ್ದವರು.

ಇಂಗ್ಲಿಷ್ ಪೀರಿಯಡ್ಡಿಗೇ ಯಾಕೆ ತೊಳೆಯಬೇಕು ಎಂದು ರೇವತಿ ಒಮ್ಮೆ ಕೇಳಿದ್ದಳು. "ನಿಮಗೆ ಹೆಂಗೂ ಇಂಗ್ಲಿಷ್ ಬರಲ್ಲವಲ್ಲ, ಆ ಟೈಮು ಯಾಕೆ ಹಾಳು ಮಾಡೋದು" ಎಂದು ಮೇಷ್ಟ್ರು ನಕ್ಕಿದ್ದರು.

ಅರ್ಧ ವರ್ಷದ ಪರೀಕ್ಷೆಯಲ್ಲಿ ಸಂಗೀತ ಉಳಿದೆಲ್ಲದರಲ್ಲೂ ಪಾಸಾದಳು. ಇಂಗ್ಲಿಷಿನಲ್ಲಿ ಫೇಲಾದಳು. ಈಗ ಪಬ್ಲಿಕ್ ಪರೀಕ್ಷೆ ಮುಂದೆ ನಿಂತಿತ್ತು. ರಿವಿಜನ್ ಶುರುವಾಗಿತ್ತು. ಒಂದು ದಿನ ಪದಗಳ ಅರ್ಥ, ಒಂದು ದಿನ ಓದು, ಒಂದು ದಿನ ಪದ್ಯದ ಅಲಂಕಾರ. ಕಕ್ಕಸಿನ ಗೋಡೆಯ ಆಚೆಯಿಂದ ಅದರ ಚೂರುಪಾರು ಅವಳ ಕಿವಿಗೆ ಬೀಳುತ್ತಿತ್ತು. ಪೊರಕೆ ಉಜ್ಜುವ ಸದ್ದು ನಿಲ್ಲಿಸಿದರೆ ಕೇಳುತ್ತಿತ್ತು. ಉಜ್ಜಿದರೆ ಕೇಳುತ್ತಿರಲಿಲ್ಲ.

ಆ ದಿನ ಮೇಷ್ಟ್ರು ಗದ್ದ ಎತ್ತಿದರು. ರೇವತಿ ಎದ್ದಳು. ಸಂಗೀತ ಕೂತೇ ಇದ್ದಳು.

"ಏನೇ, ನಿನಗೆ ಬೇರೆ ಹೇಳ್ಬೇಕಾ?"

ಅವಳು ಎದ್ದು ನಿಂತಳು. "ಸಾರ್, ನಾನು ಇವತ್ತು ಪಾಠ ಕೇಳ್ತೀನಿ. ಪರೀಕ್ಸೆ ಬತ್ತಾ ಅದೆ."

"ಕಕ್ಕಸು?"

"ನಾನು ತೊಳಿಯಕಿಲ್ಲ ಸಾರ್."

ಮುಂದಿನ ಬೆಂಚುಗಳ ಮುಖಗಳೆಲ್ಲ ಹಿಂದಕ್ಕೆ ತಿರುಗಿದವು. ರೇವತಿ ಬಾಗಿಲಲ್ಲಿ ನಿಂತು ಬಾ ಬಾ ಎಂದು ಕಣ್ಣಲ್ಲೇ ಕರೆದಳು. ಸಂಗೀತ ಅವಳ ಕಡೆ ನೋಡಲಿಲ್ಲ. ರೇವತಿ ಎರಡೂ ಬಕೆಟ್ಟು ಎತ್ತಿಕೊಂಡು ಒಬ್ಬಳೇ ಹೋದಳು.

ಮೇಷ್ಟ್ರು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದಳು. ಎರಡೂ ಮಾಡಲಿಲ್ಲ. ಹಣೆಯ ವಿಭೂತಿ ಸುಕ್ಕಾಗುವ ಹಾಗೆ ನಕ್ಕರು. "ಕೂತ್ಕೊ. ಪಾಠ ಬೇಕು ಅಂದೆಯಲ್ಲ, ಮಾಡ್ತೀನಿ" ಎಂದು ಸೀಮೆಸುಣ್ಣ ಎತ್ತಿಕೊಂಡರು.

"ಇವತ್ತು ಅಲಂಕಾರಗಳು. ಒಂದನ್ನ ಇನ್ನೊಂದಕ್ಕೆ ಹೋಲಿಸೋದು. ಲೈಕ್ ಅಂತಲೋ ಆಸ್ ಅಂತಲೋ ಬಂದ್ರೆ ಅದು ಸಿಮಿಲಿ. ಎಗ್ಸಾಂಪಲ್ ಬರ್ಕೊಳ್ಳಿ." ಬೋರ್ಡಿನ ಮೇಲೆ ದಪ್ಪ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದರು. ಬರೆದು ಬೆರಳಿಟ್ಟು ಓದಿದರು. "ಆಸ್ ಬ್ಲ್ಯಾಕ್ ಆಸ್ ಸಂಗೀತ."

ಕ್ಲಾಸು ನಕ್ಕಿತು.

"ನಗೋದಲ್ಲ. ಓದಿ. ಮಧುಶ್ರೀ, ನೀನು ಹೇಳ್ಕೊಡು."

ಮಧುಶ್ರೀ ಮುಂದಿನ ಬೆಂಚಿನ ಹುಡುಗಿ. ಮೇಷ್ಟ್ರ ಅಣ್ಣ ಶಿವಮೂರ್ತಿಯ ಮಗಳು. ಎದ್ದು ನಿಂತು ಓದಿದಳು. ಅವಳ ಹಿಂದೆ ಇಡೀ ಕ್ಲಾಸು ಓದಿತು. ಆಸ್ ಬ್ಲ್ಯಾಕ್ ಆಸ್ ಸಂಗೀತ. ಕಿಟಕಿಯ ಗಾಜು ಅದುರುವ ಹಾಗೆ ಓದಿತು.

ಸಂಗೀತ ಬೆಂಚಿನ ಅಂಚನ್ನು ಹಿಡಿದುಕೊಂಡಳು.

"ಈಗ ಲೈಕೂ ಬೇಡ, ಆಸೂ ಬೇಡ. ಇದು ಅದರ ಥರ ಅನ್ನಬಾರದು. ಇದೇ ಅದು ಅನ್ನಬೇಕು. ಆಗ ಮೆಟಫರ್. ಸಂಗೀತ ಪೊರಕೆ ಥರ ಅಂದ್ರೆ ಸಿಮಿಲಿ. ಸಂಗೀತಾನೇ ಪೊರಕೆ ಅಂದ್ರೆ ಮೆಟಫರ್." ಅದನ್ನೂ ಬರೆದರು. "ಸಂಗೀತ ಈಸ್ ಎ ಬ್ರೂಮ್." ಅದನ್ನೂ ಓದಿಸಿದರು. ಈ ಸಲ ಇನ್ನೂ ಜೋರಾಗಿ ಓದಿದರು. ಕೆಲವರು ಕುಣಿಕುಣಿದು ಓದಿದರು.

"ಕೊನೇದು. ಪರ್ಸಾನಿಫಿಕೇಶನ್. ಮನುಷ್ಯ ಅಲ್ಲದ್ದನ್ನ ಮನುಷ್ಯ ಅಂತ ತಿಳ್ಕೊಂಡು ಮಾತಾಡೋದು. ಗಾಳಿ ನಗ್ತು, ಮರ ಅಳ್ತು. ಅದೆಲ್ಲ ಪುಸ್ತಕದಲ್ಲಿ. ನಮ್ಮ ಕ್ಲಾಸಲ್ಲೇ ಒಂದು ಜೀವಂತ ಎಗ್ಸಾಂಪಲ್ ಇದೆ." ಸೀಮೆಸುಣ್ಣ ಕಿರ್ರೆಂದಿತು. "ದ ಕಾಲೋನಿ ವೇರ್ಸ್ ಯೂನಿಫಾರಂ ಅಂಡ್ ಸಿಟ್ಸ್ ಆನ್ ದ ಬೆಂಚ್. ಅರ್ಥ ಆಯ್ತಾ? ಮನುಷ್ಯ ಅಲ್ಲದ್ದಕ್ಕೆ ಯೂನಿಫಾರಂ ಹಾಕಿ ಬೆಂಚಿನ ಮೇಲೆ ಕೂರಿಸಿದ್ದೀವಿ. ಹೂಂ, ಓದಿ."

ಓದಿದರು.

ಸಂಗೀತ ಅಳಲಿಲ್ಲ. ಅಳು ಬರಲಿಲ್ಲ. ಬೋರ್ಡಿನ ಮೇಲಿದ್ದ ಮೂರು ವಾಕ್ಯಗಳನ್ನೂ ಅವಳು ಒಂದೊಂದೇ ಅಕ್ಷರ ಹಿಡಿದು ಓದಿದಳು. ಪೂರ್ತಿ ಅರ್ಥವಾದ ಮೊದಲ ಇಂಗ್ಲಿಷ್ ಪಾಠ ಅದು.

ಬೆಲ್ಲು ಹೊಡೆಯಿತು. ಮೇಷ್ಟ್ರು ಡಸ್ಟರನ್ನು ಅವಳ ಕಡೆ ಎಸೆದರು. ಅದು ಬೆಂಚಿಗೆ ಬಡಿದು ಕೆಳಗೆ ಬಿತ್ತು. "ಬೋರ್ಡ್ ಒರಸು. ಅದಾದ್ರೂ ಮಾಡು."

ಅವಳು ಡಸ್ಟರ್ ಎತ್ತಿಕೊಂಡು ಮುಂದೆ ಹೋದಳು. ಬೋರ್ಡಿನ ಮುಂದೆ ನಿಂತು ಕ್ಲಾಸಿನ ಕಡೆ ತಿರುಗಿದಳು. ಡಸ್ಟರನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ಒರಸಕಿಲ್ಲ ಸಾರ್. ಇರ್ಲಿ. ಮುಂದಿನ ಪೀರಿಯಡ್ಡಿಗೆ ಬರೋರೂ ಓದ್ಲಿ. ದೊಡ್ಡ ಮೇಡಮ್ಮೋರೂ ಬಂದು ಓದ್ಲಿ."

ಮೇಷ್ಟ್ರ ನಗು ಹೋಯಿತು. "ಕೊಡೇ ಇತ್ಲಾಗೆ."

"ಕೊಡಕಿಲ್ಲ."

ಮೇಜಿನ ಮೇಲಿದ್ದ ಮರದ ಸ್ಕೇಲು ಅವಳ ತೋಳಿಗೆ ಬಿತ್ತು. ಭುಜಕ್ಕೆ ಬಿತ್ತು. ಕಿವಿಗೆ ಬಿತ್ತು. ಅವಳು ಬೋರ್ಡಿಗೆ ಒರಗಿ ನಿಂತಳೇ ಹೊರತು ಜಾಗ ಬಿಡಲಿಲ್ಲ. ಮೇಷ್ಟ್ರು ಅವಳ ಜಡೆ ಹಿಡಿದು ಎಳೆದರು. ಅವಳು ಬೋರ್ಡಿನ ಮರದ ಚೌಕಟ್ಟನ್ನು ಹಿಡಿದುಕೊಂಡಳು.

ಸದ್ದು ಕೇಳಿ ಶಾಲೆಯ ಹೆಡ್‌ಮಿಸ್ಸು, ದೊಡ್ಡ ಮೇಡಮ್ಮು ಪರಿಮಳ ಬಂದರು. ಘಾಟಿಯ ಕೆಳಗಿನ ಗೋಬಿ ಊರಿನ ಕಡೆಯ ತಮಿಳಿನವರು. ಗಟ್ಟಿಯಾಗಿ ಮಾತಾಡಿದವರಲ್ಲ, ಯಾರನ್ನೂ ಬೈದವರಲ್ಲ. ಮೇಷ್ಟ್ರು ಸ್ಕೇಲು ಕೆಳಗಿಟ್ಟು ದೂರ ನಿಂತರು. ಸಂಗೀತ ಪಕ್ಕಕ್ಕೆ ಸರಿದು ಬೋರ್ಡು ತೋರಿಸಿದಳು.

ಮೇಡಮ್ಮು ಓದಿದರು. ಮೇಲಿನಿಂದ ಕೆಳಗಿನವರೆಗೆ, ಪೂರ್ತಿ ಓದಿದರು. ಅವರ ಮುಖ ಬಿಳಿಚಿಕೊಂಡದ್ದನ್ನು ಸಂಗೀತ ನೋಡಿದಳು. ಈಗ ಏನಾದರೂ ಆಗುತ್ತದೆ ಎಂದುಕೊಂಡಳು. ಮೇಡಮ್ಮು ಅವಳ ಹತ್ತಿರ ಬಂದು, ತಲೆ ಸವರಿ, ಅವಳ ಕೈಯಿಂದ ಡಸ್ಟರನ್ನು ಮೆಲ್ಲಗೆ ಬಿಡಿಸಿಕೊಂಡರು. ಆಮೇಲೆ ತಾವೇ ಬೋರ್ಡು ಒರೆಸಿದರು. ಮೂಲೆಯಲ್ಲಿ ಉಳಿದಿದ್ದ ಒಂದು ಅಕ್ಷರವನ್ನೂ ಬಿಡದೆ ಒರೆಸಿದರು.

"ವೇಂಡಾಂ ಮಾ, ಬೇಡ," ಎಂದರು. "ಪರೀಕ್ಷೆ ಟೈಮು. ನಿನಗೇ ಕಷ್ಟ. ಮನೆಗೆ ಹೋಗು."

ಸಂಗೀತಳಿಗೆ ಸ್ಕೇಲಿನ ಏಟಿಗಿಂತ ಆ ಮೆಲ್ಲಗಿನ ಕೈ ಉರಿಯಿತು.

ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಅವಳ ಅಪ್ಪ ಚಿಕ್ಕಮಾದ, ಅವ್ವ ಸಣ್ಣಮ್ಮ ಇಬ್ಬರೂ ಕೂಲಿಗೆ ಹೋಗುತ್ತಿದ್ದದ್ದು ಶಿವಮೂರ್ತಿಯ ಹೊಲಕ್ಕೇ. ಅರಿಸಿನ ಕೀಳುವ ಕಾಲ ಅದು. ಬೆಳಗಿನಿಂದ ಬಗ್ಗಿ ಗಡ್ಡೆ ಬಿಡಿಸಿ, ಮಣ್ಣು ಒದರಿ, ಚೀಲ ಹೊತ್ತು ಬೇಯಿಸುವ ಒಲೆಯ ಹತ್ತಿರ ಸುರಿಯಬೇಕು. ಸಂಜೆ ಕೂಲಿಯವರೆಲ್ಲ ಕೈಕಾಲು ತೊಳೆಯುವಾಗ ಶಿವಮೂರ್ತಿ ಚಿಕ್ಕಮಾದನನ್ನು ಕರೆಸಿದ. ಚಿಕ್ಕಮಾದ ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತಾ ಹೋಗಿ ನಿಂತ.

"ನಿನ್ ಮಗಳು ನನ್ ತಮ್ಮನ ಮೇಲೆ ಇಲ್ಲದ್ದೆಲ್ಲ ಏಳವಳೆ ಕಣ್ಲಾ," ಎಂದ ಶಿವಮೂರ್ತಿ. ಕೂಗಲಿಲ್ಲ. ಒಲೆಯ ಬೆಂಕಿ ನೋಡುತ್ತಾ ಹೇಳಿದ. "ಬೋರ್ಡ್ ಮೇಲೆ ಏನೋ ಬರ್ದ ಅಂತ. ಮೇಡಮ್ಮೇ ನೋಡವ್ರೆ, ಏನೂ ಇರ್ಲಿಲ್ಲವಂತೆ. ನಾಳೆ ಅವಳ್ನ ಕರ್ಕೊಂಡೋಗಿ ಕ್ಲಾಸಿನವರ ಮುಂದೆ ನಿಲ್ಸಿ, ಸುಳ್ಳಾಡ್ದೆ ತಪ್ಪಾಯ್ತು ಅನ್ನಿಸ್ಬುಡು. ಅಲ್ಲಿಗೆ ಮುಗೀತು."

"ಆಯ್ತು ಬುದ್ಧಿ."

"ಇಲ್ದಿದ್ರೆ ನಾಳಿದ್ದರಿಂದ ನಿಮ್ ಕಾಲೋನಿಯೋರು ಯಾರೂ ಈ ಕಡೆ ಒಲಕ್ಕೆ ಬರ್ಬೇಡಿ. ಬೇರೆಯೋರ ಒಲಕ್ಕೂ ನಾನೇ ಏಳ್ತೀನಿ."

"ಅನ್ನಿಸ್ತೀನಿ ಬುದ್ಧಿ."

ಚಿಕ್ಕಮಾದ ಮನೆಗೆ ಬಂದಾಗ ಹಿಂದೆಯೇ ಅರ್ಧ ಕಾಲೋನಿ ಬಂದಿತ್ತು. ಕೂಲಿ ಹೋಗುತ್ತದೆ ಎಂದ ಮೇಲೆ ಯಾರು ಸುಮ್ಮನಿರುತ್ತಾರೆ. ನಿನ್ನ ಮಗಳ ಓದಿಗೆ ನಮ್ಮ ಮಕ್ಕಳ ಹೊಟ್ಟೆ ಮೇಲೆ ಯಾಕೆ ಹೊಡೀತೀಯ ಎಂದು ಕೇಳಿದವರು ಇದ್ದರು. ಒಂದು ಮಾತಲ್ವಾ, ತಪ್ಪಾಯ್ತು ಅಂದುಬಿಟ್ಟರೆ ನಾಲಿಗೆ ಬಿದ್ದುಹೋಗುತ್ತಾ ಎಂದವರು ಇದ್ದರು. ಸಂಗೀತ ಒಳಗೆ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ಕಿವಿ ಊದಿತ್ತು.

ಸಣ್ಣಮ್ಮ ಒಳಗೆ ಬಂದವಳೇ ಮಗಳ ಕೆನ್ನೆಗೆ ಒಂದು ಬಿಟ್ಟಳು. ಅರಿಸಿನದ ಕೈ. ಕೆನ್ನೆಯ ಮೇಲೆ ಹಳದಿ ಬೆರಳು ಮೂಡಿತು.

"ಅವಯ್ಯ ಬರ್ದದ್ದು ದಿಟ್ವಾ?"

"ದಿಟ ಕಣವ್ವ."

"ಏನ್ ಬರ್ದ? ನಮ್ ಬಾಸೇಲಿ ಏಳು."

ಸಂಗೀತ ಹೇಳಿದಳು. ಮೊದಲನೆಯದನ್ನು ಕೇಳಿ ಸಣ್ಣಮ್ಮ, "ಕರ್ರಗಿದ್ದೀಯ, ಕರ್ರಗವಳೆ ಅಂದ. ಅದ್ಕೆ ಇಷ್ಟು ರಂಪ ಮಾಡ್ಬುಟ್ಯಾ?" ಎಂದಳು. ಎರಡನೆಯದನ್ನು ಕೇಳಿ ಮಗಳ ಮುಖ ನೋಡಿದಳು. ಮೂರನೆಯದನ್ನು ಸಂಗೀತ ತಡೆದು ತಡೆದು ಹೇಳಿದಳು.

"ನಾವು ಮನುಸ್ರಲ್ಲ ಅಂದ ಕಣವ್ವ. ಮನುಸ್ರಲ್ಲದ್ದಕ್ಕೆ ಬಟ್ಟೆ ಆಕಿ ಬೆಂಚ್ ಮೇಲೆ ಕೂರ್ಸಿದ್ದೀವಿ ಅಂದ. ಎಲ್ರ ಕೈಲೂ ಓದಿಸ್ದ."

ಸಣ್ಣಮ್ಮ ನೆಲದ ಮೇಲೆ ಕೂತಳು. ಕೈಯನ್ನು ಸೆರಗಿಗೆ ಒರೆಸಿದಳು. ಮತ್ತೆ ಒರೆಸಿದಳು. ಆ ಹಳದಿ ಒರೆಸಿದರೆ ಹೋಗುವುದಲ್ಲ.

"ಯಾಕಂಗಂದ? ನೀನೇನ್ ಮಾಡ್ದೆ ಅವನಿಗೆ?"

ಇಲ್ಲಿ ಸಂಗೀತ ಸುಳ್ಳು ಹೇಳಿದಳು. "ಏನೂ ಮಾಡ್ನಿಲ್ಲ" ಎಂದಳು. ಕಕ್ಕಸಿನ ಮಾತು ಅವಳ ಬಾಯಿಂದ ಬರಲಿಲ್ಲ. ಜೂನ್ ತಿಂಗಳಿಂದ ಬಂದಿರಲಿಲ್ಲ. ಸಂಜೆ ಕೈಯಲ್ಲಿ ಏನು ವಾಸನೆ ಎಂದು ಅವ್ವ ಕೇಳಿದಾಗೆಲ್ಲ ಇಸ್ಕೂಲಿನ ಸೋಪು ಎನ್ನುತ್ತಿದ್ದಳು. ನಿಜ ಗೊತ್ತಾದರೆ ಅಪ್ಪ ಶಾಲೆ ಬಿಡಿಸುತ್ತಾನೆ. ರೇವತಿಯೂ ಅದೇ ಹೆದರಿಕೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಚಿಕ್ಕಮಾದ ಸಣ್ಣವನಿದ್ದಾಗ ಶಿವಮೂರ್ತಿಯ ಅಪ್ಪನ ಮನೆಯಲ್ಲಿ ಜೀತಕ್ಕಿದ್ದವನು. ಆ ಮನೆಯ ಮುದುಕಿ ಹಾಸಿಗೆ ಹಿಡಿದಾಗ ಅವಳ ಹೇಲುಬಟ್ಟೆಯನ್ನು ಹಳ್ಳಕ್ಕೆ ಹೊತ್ತು ಒಗೆದವನು. ಅದನ್ನು ಅವನು ಯಾರಿಗೂ ಹೇಳಿದ್ದಿಲ್ಲ. ಒಮ್ಮೆ ಕುಡಿದು ಬಂದಾಗ ಮಾತ್ರ ಅದನ್ನು ಹೇಳಿ, ಮಗಳ ಎರಡೂ ಕೈ ಹಿಡಿದುಕೊಂಡು, ಈ ಕೈ ಅದನ್ನ ಮುಟ್ಟಬಾರ್ದು ಕಣವ್ವ, ಅದ್ಕೇ ನಿನ್ನ ಓದ್ಸೋದು ಎಂದು ಅತ್ತಿದ್ದ. ಅವನಿಗೆ ಏನೆಂದು ಹೇಳುವುದು?

ಚಿಕ್ಕಮಾದ ಬಾಗಿಲಲ್ಲಿ ನಿಂತು ಮಗಳ ಕಡೆ ನೋಡದೆ ಹೇಳಿದ. "ನಾಳೆ ಅಂದ್ಬುಡು ಮಗ. ಕಾಲೋನಿಯೆಲ್ಲ ಉಪವಾಸ ಬೀಳ್ತದೆ. ಅಂದ್ಬುಡು, ಮರ್ತ್ಬುಡು."

"ಅನ್ನಕಿಲ್ಲ ಅಪ್ಪ."

"ನಿನ್ ಕಾಲಿಗೆ ಬೀಳ್ತೀನಿ."

ಸಂಗೀತ ಎರಡೂ ಕಾಲನ್ನು ಮಡಚಿ ಲಂಗದೊಳಗೆ ಸೇರಿಸಿಕೊಂಡಳು.

ಮರುದಿನ ಇಂಗ್ಲಿಷ್ ಪೀರಿಯಡ್ಡಿಗೆ ಮೂವರೂ ಹೋದರು. ಚಿಕ್ಕಮಾದ ಒಗೆದ ಪಂಚೆ ಉಟ್ಟಿದ್ದ. ರೇವತಿ ಶಾಲೆಯ ಗೇಟಿನಲ್ಲಿ ಸಿಕ್ಕಿ, ಸಂಗೀತಳ ಮುಖ ನೋಡಿ ತಲೆ ತಗ್ಗಿಸಿದಳು. ಅಂದು ಬಾಗಿಲ ಪಕ್ಕ ಬಕೆಟ್ಟು ಇರಲಿಲ್ಲ. ಅಪ್ಪ ಅವ್ವ ಬರುತ್ತಾರೆಂದು ಯಾರೋ ಎತ್ತಿಡಿಸಿದ್ದರು.

ಕ್ಲಾಸಿನಲ್ಲಿ ಮೇಷ್ಟ್ರ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು ಶಿವಮೂರ್ತಿ ಕೂತಿದ್ದ. ಪರಿಮಳ ಮೇಡಮ್ಮು ಕಿಟಕಿಯ ಹತ್ತಿರ ನಿಂತಿದ್ದರು. ಬೋರ್ಡು ತೊಳೆದಿಟ್ಟಂತೆ ಕಪ್ಪಗಿತ್ತು. ಚಿಕ್ಕಮಾದ ಚಪ್ಪಲಿಯನ್ನು ಹೊರಗೇ ಬಿಟ್ಟು, ಕೈ ಮುಗಿದು, ಬಾಗಿಲ ಒಳಗೆ ಒಂದು ಹೆಜ್ಜೆ ಇಟ್ಟು ನಿಂತ. ಮುಂದೆ ಬಾ ಎಂದು ಯಾರೂ ಹೇಳಲಿಲ್ಲ.

"ಹೇಳಮ್ಮ," ಎಂದರು ನಂಜುಂಡಸ್ವಾಮಿ ಮೇಷ್ಟ್ರು. "ಸಾರ್ ಬೋರ್ಡಿನ ಮೇಲೆ ಏನೂ ಬರೀಲಿಲ್ಲ, ನಾನು ಸುಳ್ಳು ಹೇಳ್ದೆ ಅನ್ನು. ಅಷ್ಟೇ. ಪಾಠ ಮುಂದುವರೀಬೇಕು."

ಸಂಗೀತ ಮುಂದೆ ಹೋಗಿ ನಿಂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಿನ್ನೆ ಅವಳ ಹೆಸರನ್ನು ಕೂಗಿದ ಬಾಯಿಗಳು ಇವತ್ತು ಮುಚ್ಚಿದ್ದವು.

"ಸಾರ್ ಬರ್ದ್ರು," ಎಂದಳು. "ಮೂರು ವಾಕ್ಯ ಬರ್ದ್ರು. ನೀವೆಲ್ಲ ಓದುದ್ರಿ."

ಚಿಕ್ಕಮಾದನ ಬಾಯಿಂದ ಅಯ್ಯೋ ಎಂಬ ಸದ್ದು ಬಂತು. ಶಿವಮೂರ್ತಿ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದ. "ನೋಡ್ದಾ ಚಿಕ್ಕಮಾದ? ಎಷ್ಟು ಸೊಕ್ಕು? ಓದ್ದೋರು ಯಾರು? ಏಳ್ಲಿ. ಇಷ್ಟು ಮಕ್ಕಳು ಕುಂತವ್ರೆ, ಒಬ್ರಾದ್ರೂ ಏಳ್ಲಿ."

ಸಂಗೀತ ಕ್ಲಾಸನ್ನು ನೋಡಿದಳು. ಒಂದೊಂದೇ ಮುಖ ನೋಡಿದಳು. ಕೆಲವರು ಕಿಟಕಿ ನೋಡಿದರು. ಕೆಲವರು ಉಗುರು ನೋಡಿಕೊಂಡರು. ಮಧುಶ್ರೀ ಪುಸ್ತಕ ತೆರೆದು ಅದರಲ್ಲಿ ಮುಖ ಇಟ್ಟಳು. ಮೇಲೆತ್ತಲೇ ಇಲ್ಲ.

"ಇಲ್ಲವಲ್ಲ?" ಎಂದ ಶಿವಮೂರ್ತಿ.

"ನಂಗೆ ಕೇಳುಸ್ತು."

ಹಿಂದಿನ ಬೆಂಚಿನಿಂದ ರೇವತಿ ಎದ್ದಿದ್ದಳು. ಅವಳ ದನಿ ಅಷ್ಟು ದೊಡ್ಡದು ಎಂದು ಸಂಗೀತಳಿಗೂ ಗೊತ್ತಿರಲಿಲ್ಲ.

ಮೇಷ್ಟ್ರು ಗದರಿದರು. "ಕೂತ್ಕೊ. ನೀನು ನಿನ್ನೆ ಕ್ಲಾಸಲ್ಲೇ ಇರ್ಲಿಲ್ಲ."

"ಇರ್ನಿಲ್ಲ ಸಾರ್. ಕಕ್ಕಸಿನಾಗಿದ್ದೆ. ಅಲ್ಲಿಗೇ ಕೇಳುಸ್ತು. ಆಸ್ ಬ್ಲ್ಯಾಕ್ ಆಸ್ ಸಂಗೀತ. ಆಮೇಲೆ ಬ್ರೂಮ್ ಅಂತ. ಆಮೇಲೆ ಕಾಲೋನಿ ಅಂತ. ಎಲ್ರೂ ಕೂಗುದ್ರಿ. ಕಕ್ಕಸಿನ ತನಕ ಕೇಳುಸ್ತು."

ಚಿಕ್ಕಮಾದ ಮುಗಿದ ಕೈ ಹಾಗೇ ಇಟ್ಟುಕೊಂಡು ಕೇಳಿದ.

"ಪಾಠದ ಒತ್ತಿನಲ್ಲಿ ಕಕ್ಕಸಿನಾಗೆ ಏನವ್ವ ಮಾಡ್ತಿದ್ದೆ ನೀನು?"

ರೇವತಿ ಸಂಗೀತಳ ಕಡೆ ನೋಡಿದಳು. ಸಂಗೀತ ಕಣ್ಣು ಮುಚ್ಚಿದಳು.

"ತೊಳೀತಿದ್ದೆ ಮಾವ."

"ಯಾರ್ದು?"

"ಎಲ್ರುದೂ. ದಿನಾ ನಾವಿಬ್ರೇ ತೊಳೆಯೋದು. ಇಂಗ್ಲಿಷ್ ಪೀರಿಯಡ್ಡಲ್ಲಿ. ನೆನ್ನೆ ಸಂಗೀತ ತೊಳಿಯಕಿಲ್ಲ, ಪಾಠ ಕೇಳ್ತೀನಿ ಅಂದ್ಲು. ಅದ್ಕೇ ಸಾರ್ ಅಂಗ್ ಬರ್ದ್ರು."

ಚಿಕ್ಕಮಾದ ಮಗಳನ್ನು ನೋಡಿದ. "ದಿಟ್ವಾ?"

ಸಂಗೀತ ತಲೆಯಾಡಿಸಿದಳು. ಈಗ ಅವಳಿಗೆ ಅಳು ಬಂತು. ಬೋರ್ಡು ನೋಡಿ ಬರದ ಅಳು, ಸ್ಕೇಲಿಗೆ ಬರದ ಅಳು ಅಪ್ಪನ ಮುಖ ನೋಡಿ ಬಂತು.

ಚಿಕ್ಕಮಾದನ ಕೈಗಳು ಬಿಟ್ಟುಕೊಂಡವು. ತಿರುಗಿ ಹೊರಗೆ ನಡೆದ. ಶಿವಮೂರ್ತಿ ಅವನು ಹೊರಟೇಹೋದ ಎಂದುಕೊಂಡು, "ಕರ್ಕೊಂಡೋಗು ಇವಳ್ನ, ಸಣ್ಣಿ" ಎಂದ. ಸಣ್ಣಮ್ಮ ಅಲ್ಲಾಡಲಿಲ್ಲ. ಕಕ್ಕಸಿನ ಕಡೆಯಿಂದ ತಗಡಿನ ಬಾಗಿಲು ಬಡಿದ ಸದ್ದು ಬಂತು. ಚಿಕ್ಕಮಾದ ವಾಪಸು ಬಂದಾಗ ಎರಡೂ ಬಕೆಟ್ಟು ಅವನ ಕೈಯಲ್ಲಿದ್ದವು. ಪೊರಕೆಗಳು ಅವುಗಳೊಳಗಿದ್ದವು. ನಿನ್ನೆ ರೇವತಿ ಒಬ್ಬಳೇ ತೊಳೆದು ಮುಗಿಸಲಾಗದೆ ಬಿಟ್ಟಿದ್ದ ನೀರು ತಳದಲ್ಲಿ ಕದಡುತ್ತಿತ್ತು. ಈ ಸಲ ಅವನು ಬಾಗಿಲಲ್ಲಿ ನಿಲ್ಲಲಿಲ್ಲ. ಬೆಂಚುಗಳ ನಡುವೆ ನಡೆದು ಬಂದು ಮೇಷ್ಟ್ರ ಮೇಜಿನ ಮೇಲೆ, ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ, ಎರಡನ್ನೂ ಇಟ್ಟ. ನೀರು ತುಳುಕಿ ಶಿವಮೂರ್ತಿಯ ಬಿಳಿ ಪಂಚೆಗೆ ಸಿಡಿಯಿತು.

"ಲೇ!" ಶಿವಮೂರ್ತಿ ಎದ್ದ.

"ಕುಂತ್ಕಳಿ ಬುದ್ಧಿ," ಎಂದ ಚಿಕ್ಕಮಾದ. ಹೆದರಿಕೆಯಿಂದ ದನಿ ಒಡೆಯುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ನಿಮ್ ಅಜ್ಜಿಯ ಬಟ್ಟೆ ಒಗ್ದೋನು ನಾನು. ಇಷ್ಟ್ ದೊಡ್ಡೋನಿದ್ದೆ, ಆ ಬೆಂಚಿನಷ್ಟು. ಒಗ್ದು ಬಂದ ಕೈಗೆ ನಿಮ್ಮವ್ವ ಮೇಲಿಂದ ಇಟ್ಟಿನ್ ಮುದ್ದೆ ಬುಡೋರು. ಅದೇ ಕೈಲಿ ತಿಂದೆ. ನನ್ ಮಗಳು ತೊಳಿಯಕ್ಕೆ ಉಟ್ಲಿಲ್ಲ. ಇವತ್ತಿಂದ ಕಾಲೋನಿ ಮಕ್ಕಳು ಇದ ಮುಟ್ಟಕಿಲ್ಲ. ಯಾರ್ ಏಲ್ತಾರೋ ಅವರೇ ತೊಳ್ಕಳಿ."

"ನಾಳೆ ಉಣ್ಣಕ್ಕೆ ಏನ್ ಮಾಡೀಯೋ?" ಎಂದ ಶಿವಮೂರ್ತಿ.

ಉತ್ತರ ಕೊಟ್ಟದ್ದು ಸಣ್ಣಮ್ಮ. "ಗಡಿ ದಾಟಿ ಓಯ್ತೀವಿ. ಶುಂಠಿ ಕೀಳ್ತೀವಿ. ನಿಮ್ ಅರಿಸ್ನವ ನೀವು ಕಿತ್ಕಳಿ, ಬಗ್ಗಿ."

ಪರಿಮಳ ಮೇಡಮ್ಮು ಕಿಟಕಿಯಿಂದ ಒಂದು ಹೆಜ್ಜೆ ಮುಂದೆ ಬಂದು, ದಯವಿಟ್ಟು ಯಾರೂ ಕೂಗಾಡಬೇಡಿ, ಕೂತು ಮಾತಾಡೋಣ ಎಂದರು. ಸಂಗೀತ ಅವರ ಕಡೆ ತಿರುಗಿದಳು.

"ನೀವು ಓದುದ್ರಿ ಮೇಡಮ್. ಓದಿ ಒರಸುದ್ರಿ."

ಮೇಡಮ್ಮು ಮತ್ತೆ ಕಿಟಕಿಯ ಹತ್ತಿರಕ್ಕೆ ಸರಿದರು.

ಶಾಲೆಯಿಂದ ಅವರು ನೇರ ಠಾಣೆಗೆ ಹೋದರು. ರೇವತಿಯೂ ಜೊತೆಗೆ ಬಂದಳು. ಬೇಡ ಕಣವ್ವ ಎಂದರೂ ಬಂದಳು. ಬಸ್ಸಿನಲ್ಲಿ ಸಣ್ಣಮ್ಮ ಮಗಳ ಬಲಗೈ ಎತ್ತಿ ಅಂಗೈ ನೋಡಿದಳು. ಫಿನಾಯಿಲಿಗೆ ಬೆರಳ ಸಂದಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಇಷ್ಟು ದಿನ ಇದು ಹೇಗೆ ಕಾಣಲಿಲ್ಲ ತನಗೆ ಎಂದು ಅವಳು ಕೇಳಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು, ಇಳಿಯುವವರೆಗೂ ಬಿಡಲಿಲ್ಲ.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ತಮಿಳಿನವನು. ಬಯಲಿನಿಂದ ವರ್ಗವಾಗಿ ಬಂದು ಮಲೆಯ ಚಳಿಗೆ ಕಿವಿಗೆ ಮಫ್ಲರು ಸುತ್ತಿಕೊಂಡಿದ್ದ. ಮೊದಲು ಕೂತುಕೊಳ್ಳಿ ಎನ್ನಲಿಲ್ಲ. ಆಮೇಲೆ ಸಾಹೇಬರಿಲ್ಲ, ನಾಳೆ ಬನ್ನಿ ಎಂದ. ಬೆಂಚಿನ ಮೇಲೆ ಅವರಾಗಿಯೇ ಕೂತು, ಸಂಜೆಯಾದರೂ ಏಳದಿದ್ದಾಗ, ಅವನಿಗೆ ಎರಡು ಸಲ ಫೋನು ಬಂತು. ಆಂ, ಸಾರ್, ಶಿವಮೂರ್ತಿ ಸಾರ್ ಎಂದು ಅವನು ಹೊರಗೆ ಹೋಗಿ ಮಾತಾಡಿ ಬಂದ. ಬಂದು ಹಾಳೆ ಎಳೆದುಕೊಂಡ.

"ಸೊಲ್ಲಮ್ಮಾ," ಎಂದ.

ಸಂಗೀತ ಹೇಳಿದಳು. ಶಾಲೆಯಲ್ಲಿ ಕಲಿತ ತಮಿಳು ಅವಳಿಗೆ ಬರುತ್ತಿತ್ತು, ತಮಿಳಲ್ಲೇ ಹೇಳಿದಳು. ಬಕೆಟ್ಟಿನಿಂದ ಶುರುಮಾಡಿ, ಬೋರ್ಡಿನ ಮೇಲಿದ್ದುದನ್ನು ಇಂಗ್ಲಿಷಿನಲ್ಲೇ, ಅಕ್ಷರ ಅಕ್ಷರವಾಗಿ ಹೇಳಿದಳು. ಪರ್ಸಾನಿಫಿಕೇಶನ್ ಅಂದರೇನು ಎಂದು ಅವನು ಕೇಳಿದ. ಮನುಷ್ಯ ಅಲ್ಲದ್ದನ್ನ ಮನುಷ್ಯ ಅನ್ನೋದು ಸಾರ್, ಅದಕ್ಕೆ ನಮ್ಮನ್ನ ಎಗ್ಸಾಂಪಲ್ ಕೊಟ್ರು ಎಂದಳು. ಅವನು ಅವಳ ಮುಖ ನೋಡಿದ. ಮತ್ತೆ ಬಗ್ಗಿ ಬರೆದ. ಸ್ಕೇಲಿನ ಏಟು, ಜಡೆ ಎಳೆದದ್ದು, ಮೇಡಮ್ಮು ಒರೆಸಿದ್ದು, ಕೂಲಿ ನಿಲ್ಲಿಸುತ್ತೇನೆ ಎಂದದ್ದು ಎಲ್ಲವನ್ನೂ ಅವಳು ಹೇಳಿದಳು. ಪೆನ್ನು ಓಡುತ್ತಲೇ ಇತ್ತು. ಆದರೆ ಅವಳು ಹೇಳಿದಷ್ಟು ಅದು ಓಡಲಿಲ್ಲ. ಹಾಳೆ ಅರ್ಧವೂ ತುಂಬುವ ಮೊದಲೇ ಅವನು ಕೆಳಗೆ ಗೀಟು ಎಳೆದ.

"ಆಯ್ತು. ಅಮ್ಮ ಇಲ್ಲಿ ಕೈನಾಟ್ಟು ವೈಕ್ಕಟ್ಟುಂ," ಎಂದು ಇಂಕಿನ ಪ್ಯಾಡು ಮುಂದೆ ತಳ್ಳಿದ.

ಸಣ್ಣಮ್ಮ ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿದಳು. ಹಳದಿಯ ಮೇಲೆ ನೀಲಿ ಹತ್ತಿತು.

"ಇರು ಅವ್ವ," ಎಂದಳು ಸಂಗೀತ. ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ರೈಟರ್ ಅದರ ಮೇಲೆ ಕೈ ಇಟ್ಟ.

"ನಿನಗೆ ತಮಿಳು ಓದೋಕೆ ಬರುತ್ತಾ?"

"ಬರುತ್ತೆ."

ಅವನು ಕೈ ತೆಗೆಯಲಿಲ್ಲ. ಚಿಕ್ಕಮಾದ ಎದ್ದು ಮೇಜಿನ ಹತ್ತಿರ ಬಂದು ನಿಂತ. ರೇವತಿ ಬಂದು ನಿಂತಳು. ಅವನು ಕೈ ತೆಗೆದ.

ಸಂಗೀತ ಓದಿದಳು. ಬೆರಳಿಟ್ಟು, ಸಾಲು ಬಿಡದೆ, ನಿಧಾನವಾಗಿ ಓದಿದಳು. ವಿದ್ಯಾರ್ಥಿನಿಯು ಪಾಠಕ್ಕೆ ಗಮನ ಕೊಡದೆ ಇದ್ದುದರಿಂದ ಶಿಕ್ಷಕರು ಬುದ್ಧಿ ಹೇಳಿದರು ಎಂದಿತ್ತು. ಅದರಿಂದ ಮನಸ್ತಾಪ ಉಂಟಾಯಿತು ಎಂದಿತ್ತು. ಎರಡು ಕಡೆಯವರೂ ಮಾತಾಡಿ ಸರಿಮಾಡಿಕೊಳ್ಳಲು ಒಪ್ಪಿದ್ದಾರೆ ಎಂದಿತ್ತು. ಕಕ್ಕಸು ಎಂಬ ಮಾತು ಎಲ್ಲೂ ಇರಲಿಲ್ಲ. ಬೋರ್ಡು ಎಂಬ ಮಾತು ಇರಲಿಲ್ಲ. ಕಾಲೋನಿ ಎಂಬ ಮಾತು ಇರಲಿಲ್ಲ.

ಅವಳು ಅದನ್ನು ಕನ್ನಡದಲ್ಲಿ ಅವ್ವನಿಗೆ ಓದಿ ಹೇಳಿದಳು. ಸಣ್ಣಮ್ಮ ಇಂಕು ಹತ್ತಿದ ಹೆಬ್ಬೆಟ್ಟನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿಕೊಂಡಳು.

ಸಂಗೀತ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಮುಂದೆ ಇಟ್ಟಳು.

"ಇದು ನಾನು ಹೇಳಿದ್ದಲ್ಲ ಸಾರ್. ಬೇರೆ ಹಾಳೆ ತಗೊಳ್ಳಿ. ಮೊದಲಿಂದ ಹೇಳ್ತೀನಿ."